ಅತ್ತೆಯ ಸ್ಪ್ಯಾನಿಷ್ ಬಡವರು

ನಮ್ಮ ಸೋದರತ್ತೆ ಸ್ಪೇನಿನವರಿಗೆ ಬುದ್ಧಿ ಕಲಿಸಲೆಂದೇ ರಾಯದುರ್ಗದಲ್ಲಿ ಹುಟ್ಟಿದವರು! ನಗಬೇಡಿ. ಮಿಕ್ಸಿ ತಿರುಗುವಾಗಲೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಸ್ಪ್ಯಾನಿಷ್ ಕಲಿತರು. ಸ್ಪೇನಿನ ದಾನಿಗಳ ನೆರವಿನಿಂದ ಇಲ್ಲಿನ ಮಕ್ಕಳನ್ನು ಓದಿಸುವ ಸಂಸ್ಥೆಯೊಂದಿದೆ. ಆ ಮಕ್ಕಳ ಮನೆಯವರು ದಾನಿಗಳಿಗೆ ಬರೆಸುವ ಕಾಗದಗಳನ್ನು ಅನುವಾದಿಸುವುದು ಇವರ ಕೆಲಸ. ನಾಲ್ಕು ಸಾಲಿನ ಕಾಗದಕ್ಕೆ ನಾಲ್ಕು ದಿನ! ‘ಬಡವರು’ ಎಂಬಲ್ಲಿಗೆ ಬಂದರೆ ಗಾಡಿ ಮುಂದಕ್ಕೇ ಹೋಗದು.

“‘ಪೋಬ್ರೆ’ ಅಂದ್ರ ಅಯ್ಯೋ ಪಾಪ ಅಂದಂಗಾಗ್ತೈತಿ. ‘ನೆಸೆಸಿತಾದೊ’ ಅಂದ್ರ ಕೈಚಾಚಿ ನಿಂತಂಗ. ‘ಉಮಿಲ್ದೆ’ ಅಂದ್ರ ತಲಿ ತಗ್ಗಿಸ್ಕೊಂಡು ನಡಿಯೋರು. ಯಾವ್ದು ಬರೀಲೇ?”

ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಗಳನ್ನು ಅಳಿಸಿ ಬಂದವಳು ನಾನು, ಬಿಡುತ್ತೇನೆಯೆ? “ಪದ ಬದಲಾದ್ರ ಹೊಟ್ಟಿ ತುಂಬತೈತೇನ್ರಿ ಅತ್ತಿ?”

“ತುಂಬಂಗಿಲ್ಲ. ಹಂಗಂತ ಹೊಟ್ಟಿ ತುಂಬಿದ ನೀನು ಅವರಿಗೆ ಹೆಸರಿಡ್ತೀಯೇನು? ನಡಿ, ಅವರನ್ನ ಕೇಳೋಣು.”

ಕೇಳುವುದೆ! ಬಡವರನ್ನು ಏನೆಂದು ಕರೆಯಬೇಕೆಂದು ಬಡವರನ್ನೇ ಕೇಳಿದವರನ್ನು ಎಲ್ಲಾದರೂ ಕಂಡಿದ್ದೀರಾ? ಕಾಗದ ಬರೆಸಿದ ತಾಯಿ ಜೀನ್ಸ್ ಹೊಲಿಯುವ ಷೆಡ್ಡಿನಲ್ಲಿದ್ದಳು. ಅತ್ತೆ ಮೂರೂ ಪದಗಳನ್ನು ಸೀರೆ ಅಂಗಡಿಯವರಂತೆ ಅವಳ ಮುಂದೆ ಬಿಚ್ಚಿ ಹರಡಿದರು. ಆಕೆ ಮಿಷನ್ನು ನಿಲ್ಲಿಸಲೂ ಇಲ್ಲ.

“ಮೂರೂ ಬ್ಯಾಡ್ರಿ ಅಕ್ಕಾರ. ಜಿಪ್ ಕೂಡಸಾಕಿ ಅಂತ ಬರೀರಿ. ನನ್ನಷ್ಟು ನೆಟ್ಟಗ ಈ ಷೆಡ್ನ್ಯಾಗ ಯಾರೂ ಕೂಡ್ಸಂಗಿಲ್ಲ.”

ಅತ್ತೆ ಹಾಗೆಯೇ ಬರೆದರು. ಸಂಸ್ಥೆಯ ಕಚೇರಿಯ ಸಾಹೇಬರು ಓದಿ ಹಣೆ ಚಚ್ಚಿಕೊಂಡರು.

“ಮೇಡಂ, ದಾನಿಗಳ ಮನಸ್ಸು ಕರಗಬೇಕ್ರಿ! ‘ಪೋಬ್ರೆ’ ಅಂತ ಹಾಕ್ರಿ.”

“ಹಾಕ್ಲಿಲ್ಲಂದ್ರ ಆಕಿ ಮಗಳ ಓದು ನಿಲ್ತೈತೇನ್ರಿ?”

“ಅದು ನಿಲ್ಲಂಗಿಲ್ಲ. ನಿಮ್ಮ ಕೆಲಸ ನಿಲ್ತೈತಿ.”

“ಹಂಗಾದ್ರ ನಿಲ್ಲಲಿ ಬಿಡ್ರಿ.” ಅತ್ತೆ ಪೆನ್ನಿನ ಮುಚ್ಚಳ ಹಾಕಿ ಎದ್ದೇಬಿಟ್ಟರು! ನನ್ನ ಇಷ್ಟು ವರ್ಷದ ವಾದಗಳಲ್ಲಿ ಒಂದಕ್ಕೂ ಇಂಥ ಮುಕ್ತಾಯ ಸಿಕ್ಕಿರಲಿಲ್ಲ. ಹೆಮ್ಮೆಯಿಂದ ಹಿಂದೆಯೇ ಓಡಿದೆ.

ಹೊರಗೆ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು.

“ಈ ಊರಾಗ ಇನ್ನ ಯಾರ ಜತಿ ಸ್ಪ್ಯಾನಿಷ್ ಮಾತಾಡ್ಲೇ ನಾನು?”

ನಾನು ಪಕ್ಕದಲ್ಲಿ ಕೂತೆ. “ಆ ಜಿಪ್ಪಿನಾಕಿಗೆ ಏನಂತ ಬರದ್ರಿ? ನನಗೂ ಹೇಳಿಕೊಡ್ರಿ.”

ಕೂಸಿಗೆ ತುತ್ತಿಡುವಂತೆ ಒಂದೊಂದೇ ಪದ ಹೇಳಿದರು. ನಾನು ತೊದಲಿದೆ.

“ಅಲ್ಲಲೇ, ಇನ್ನೊಮ್ಮಿ ಅನ್ನು,” ಎಂದರು ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ.