ಒಂದು ಪಂಕ್ತಿಯೂಟಕ್ಕೆ ನಿಂತ ಚಿನ್ನದ ಗಣಿ

ಈ ಭೂಮಂಡಲದಲ್ಲಿ ಊಟ ಬಡಿಸುವುದು ಹೇಗೆಂದು ಪೂರ್ತಿ ಬಲ್ಲವನು ನಾನೊಬ್ಬನೇ ಎಂಬ ನಂಬಿಕೆಯಲ್ಲಿ ಇಷ್ಟು ವರ್ಷ ನೆಮ್ಮದಿಯಾಗಿ ಬದುಕಿದ್ದೆ. ಸಿಂಧನೂರು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಖಾನಾವಳಿ. ನನ್ನ ಹೆಸರು ಪಂಪಣ್ಣ. ಗಿರಾಕಿಗಳು ಮಾತ್ರ ‘ಸಾಕಂದ್ರ ಕೇಳದ ಪಂಪಣ್ಣ’ ಎನ್ನುತ್ತಾರೆ. ಅದನ್ನು ನಾನು ಬಿರುದು ಎಂದೇ ತಿಳಿದಿದ್ದೆ!

ಬಿರುದು ಇತ್ತು, ಗಿರಾಕಿಗಳು ಕಡಿಮೆಯಾದರು. ಎದುರಿಗೆ ಗೋಬಿ ಗಾಡಿ, ಮೂಲೆಗೆ ಬಿರಿಯಾನಿ, ಉಳಿದವರ ಊಟ ಮೊಬೈಲು ಒತ್ತಿದರೆ ಮನೆ ಬಾಗಿಲಿಗೆ. ವಳಕಮದಿನ್ನಿ ಹಳ್ಳಿಯಿಂದ ರೊಟ್ಟಿ ಬಡಿಯಲು ಬರುತ್ತಿದ್ದ ಹುಲಿಗೆಮ್ಮ ಮತ್ತು ಅವಳ ಜೊತೆಯ ಹೆಂಗಸರಿಗೆ ದಿನ ಬಿಟ್ಟು ದಿನ ಬರಲು ಹೇಳಬೇಕಾಯಿತು. “ಇರ್ಲಿ ಬಿಡ್ರಿ, ಹೊಲದಾಗ ನಾಟಿ ಐತಿ” ಎಂದಳು ಹುಲಿಗೆಮ್ಮ. ನಾಟಿ ಮುಗಿದು ಬಹಳ ದಿನವಾಗಿತ್ತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇಂಥ ಹೊತ್ತಿನಲ್ಲಿ ಖಾಜಾಸಾಬ್ ಬಂದ. ಟೆಂಪೊ ಓಡಿಸುವ ನನ್ನ ಗೆಳೆಯ. ಅವನ ಟೆಂಪೊಗಿಂತ ಅವನು ತರುವ ಸುದ್ದಿಗಳೇ ಜೋರಾಗಿ ಓಡುತ್ತವೆ.

“ಪಂಪಣ್ಣ, ಮಸ್ಕಿ ದಾಟಿ ಲಿಂಗಸುಗೂರ ಕಡೆ ಹೊಸಾ ಬಂಗಾರದ ಗಣಿ ಸುರು ಆಗೈತಲ್ಲ, ಅಲ್ಲಿ ಸುತ್ತಲ ಊರ ಮಂದಿಗೇ ಕೆಲಸ, ಅವರಿಗೇ ಯಾಪಾರ ಕೊಡ್ತಾರಂತ. ನಾಳೆ ಮೀಟಿಂಗ್ ಕರದಾರ. ನಡೀ.”

“ಗಣ್ಯಾಗ ನಂದೇನು ಕೆಲಸೋ? ಸಾರಿಗೆ ಬಂಗಾರದ ಒಗ್ಗರಣಿ ಹಾಕ್ಲೇನು?”

“ಅರೇ ಭಾಯ್, ಬಂಗಾರ ಅಗಿಯೋರು ಬಂಗಾರ ತಿಂತಾರೇನು? ಅವರಿಗೂ ರೊಟ್ಟೀನ ಬೇಕು!”

ಈ ಮಾತು ನನ್ನ ತಲೆಯಲ್ಲಿ ಟ್ಯೂಬ್‌ಲೈಟಿನಂತೆ ಒಂದೆರಡು ಸಲ ಮಿಣುಕಿ ಆಮೇಲೆ ಹೊತ್ತಿಕೊಂಡಿತು.

ಮರುದಿನ ಗಣಿಯ ಬಯಲಲ್ಲಿ ನಮ್ಮ ಮೂರು ತಾಲ್ಲೂಕಿನ ವ್ಯಾಪಾರಿ ಕುಲವೇ ನೆರೆದಿತ್ತು. ಸಮವಸ್ತ್ರ ಹೊಲಿಯುತ್ತೇನೆಂದು ಮಸ್ಕಿಯ ದರ್ಜಿ, ಜಾಲರಿ ಮಾಡಿಕೊಡುತ್ತೇನೆಂದು ಲಿಂಗಸುಗೂರಿನ ವೆಲ್ಡಿಂಗ್ ಅಂಗಡಿಯವರು. ಬ್ಯಾಂಡ್ ಸೆಟ್ಟಿನ ಮಾಲೀಕನೊಬ್ಬ ಕ್ಲಾರಿನೆಟ್ಟು ಸಮೇತ ಬಂದಿದ್ದ. ಗಣಿಗೆ ಬ್ಯಾಂಡು ಏಕೆಂದು ಯಾರೂ ಕೇಳಲಿಲ್ಲ. ನಮ್ಮೆಲ್ಲರ ಆಸೆಯೂ ಹೆಚ್ಚು ಕಡಿಮೆ ಅದೇ ಜಾತಿಯದಾಗಿತ್ತು.

ನಮ್ಮನ್ನು ಸುತ್ತಾಡಿಸಿದವರು ಸುರಕ್ಷತೆಯ ಅಧಿಕಾರಿ ಶಾಹೀನ್ ಮೇಡಂ. ಮಸ್ಕಿಯ ಹುಡುಗಿ, ಅಲ್ಲಿಯ ಬಟ್ಟೆ ವ್ಯಾಪಾರಿಯ ಮಗಳು. ಹಳದಿ ಹೆಲ್ಮೆಟ್ಟು, ಮೊಣಕಾಲುದ್ದದ ಬೂಟು. ಆಕೆ ಬೆರಳು ತೋರಿಸಿದ ಕಡೆ ನೋಡಿದೆ, ನೋಡಿದವನು ಬಾಯಿ ಮುಚ್ಚುವುದನ್ನೇ ಮರೆತೆ. ಆಕಾಶಕ್ಕೆ ನಿಂತ ಉಕ್ಕಿನ ಗೋಪುರ, ಅದರ ನೆತ್ತಿಯಲ್ಲಿ ಒಂದು ದೊಡ್ಡ ಚಕ್ರ, ಚಕ್ರದ ಮೇಲಿಂದ ನನ್ನ ತೋಳಿನ ದಪ್ಪದ ಹಗ್ಗ. ಚಕ್ರ ತಿರುಗಿತು. ಕಬ್ಬಿಣದ ಪಂಜರದಲ್ಲಿ ನಿಂತ ಒಂದಷ್ಟು ಗಂಡಸರು, ಈಗ ಕಂಡವರು, ಈಗ ಇಲ್ಲ!

“ಎಷ್ಟು ಆಳ ಹೋಗ್ತಾರ ತಾಯಿ?”

“ಸಿಂಧನೂರಾಗಿನ ಅಕ್ಕಿ ಮಿಲ್ಲಿನ ಚಿಮಣಿ ಎಲ್ಲಾ ಕಿತ್ತು ಒಂದರ ಮ್ಯಾಲೊಂದು ಇಳಿಬಿಟ್ರೂ ತಳ ಮುಟ್ಟಂಗಿಲ್ರಿ, ಕಾಕಾ.”

ನನಗೆ ಮೈ ಜುಮ್ಮೆಂದಿತು. ನಾನು ಜೋಳ ಬಿತ್ತಿದ ನೆಲ, ಸೈಕಲ್ ಹೊಡೆದ ನೆಲ, ಬರೀ ಮೇಲಿನ ಸಿಪ್ಪೆ! ಒಳಗೆ ಇನ್ನೊಂದು ಊರೇ ಇದೆ, ಅಲ್ಲಿ ದೀಪವಿದೆ, ರಸ್ತೆಯಿದೆ, ನಮ್ಮ ಪಕ್ಕದ ಹಳ್ಳಿಯ ಹುಡುಗರು ಅಲ್ಲಿ ಕಲ್ಲು ಒಡೆದು ಸಂಜೆಗೆ ಮನೆಗೆ ಬರುತ್ತಾರೆ. ಕೈ ಮುಗಿಯಬೇಕೆನಿಸಿತು, ಮುಗಿದೂಬಿಟ್ಟೆ. ಬ್ಯಾಂಡ್ ಸೆಟ್ಟಿನವನೂ ಮುಗಿದ.

ನನಗೆ ಸಿಕ್ಕಿದ್ದು ಒಂದು ದಿನದ ಪರೀಕ್ಷೆ. ಮಧ್ಯಾಹ್ನದ ಪಾಳಿಯವರಿಗೆ ಊಟದ ಡಬ್ಬಿ ಕಟ್ಟಿ ತರಬೇಕು. ಅವರು ಡಬ್ಬಿ ಹಿಡಿದು ಕೆಳಗಿಳಿದು, ಬಿಡುವಾದಾಗ ಅಲ್ಲೇ ಉಣ್ಣುತ್ತಾರೆ. ಸರಿಯಾದರೆ ವರ್ಷಪೂರ್ತಿ ಊಟದ ಗುತ್ತಿಗೆ ನಮ್ಮದು. ಮೇಡಂ ಒತ್ತಿ ಒತ್ತಿ ಹೇಳಿದರು, “ಹಗುರ ಊಟ ಇರ್ಲಿ ಕಾಕಾ. ಪಾಳಿ ಸುರು ಆಗೋ ಭೋಂಗಾ ಕೂಗಿದಕೂಡ್ಲೆ ಎಲ್ಲಾರೂ ಪಂಜರದಾಗ ಇರಬೇಕು.”

ಮನೆಗೆ ಬಂದು ಹೆಂಡತಿ ಗಿರಿಜಾಳಿಗೆ ಹೇಳಿದೆ. ಅವಳು ಅಂದೇ ವಳಕಮದಿನ್ನಿಗೆ ಫೋನು ಮಾಡಿದಳು. “ಹುಲಿಗೆಮ್ಮ, ಇದೊಂದು ಆತಂದ್ರ ನಿಮಗ ವರ್ಸಾನುಗಟ್ಲೆ ದಿನಾ ಕೆಲಸ ಐತೆವ್ವ.”  ಆ ಕಡೆಯಿಂದ ಹುಲಿಗೆಮ್ಮ “ಹಿಟ್ಟು ನಾವ ಬೀಸಿಸ್ಕೊಂಡು ಬರ್ತೀವಿ” ಎಂದಳಂತೆ.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ನಾನು ಯೋಚನೆ ಮಾಡಿದೆ!

ಪಾತಾಳಕ್ಕೆ ಇಳಿಯುವ ಮಕ್ಕಳು. ಅವರ ಕೈಗೆ ಒಂದು ಡಬ್ಬಿ ತುರುಕಿ ಹೋಗಿ ಬನ್ನಿ ಎನ್ನುವುದೇ? ನಮ್ಮ ಕಡೆ ಪಕ್ಕದೂರಿಗೆ ಹೊರಟವನನ್ನೂ ಕೂಡಿಸಿ ಉಣ್ಣಿಸದೆ ಕಳಿಸುವುದಿಲ್ಲ. ಚಾಪೆ ಹಾಸಬೇಕು, ಸಾಲಾಗಿ ಕೂಡಿಸಬೇಕು, ಒಂದು ಒಳ್ಳೆಯ ಪಂಕ್ತಿ ಆಗಬೇಕು. ಅಷ್ಟು ಆಳದ ಗಣಿಗೆ ಅಷ್ಟೇ ಆಳದ ಊಟ!

“ಅವರು ಡಬ್ಬಿ ಅಂದಾರ, ನೀವು ಮದುವಿ ಮಾಡಾಕ ಹೊಂಟೀರಿ” ಎಂದಳು ಗಿರಿಜಾ.

“ಲೇ, ನಿನಗ ತಿಳಿಯಂಗಿಲ್ಲ. ನಾಕು ಮಂದಿ ನೆನಸಬೇಕು ಇದನ್ನ.”

“ನೆನಸ್ತಾರ ಬಿಡ್ರಿ” ಎಂದು ಅವಳು ರೊಟ್ಟಿಯ ಹಂಚಿನ ಕಡೆ ತಿರುಗಿದಳು.

ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು, ನಮ್ಮ ಸೋನಾ ಮಸೂರಿ ಅನ್ನ. ಇವೆಲ್ಲದರ ತಲೆಯ ಮೇಲೆ ಶೇಂಗಾ ಹೋಳಿಗೆ, ತುಪ್ಪ. ಖಾಜಾಸಾಬನ ಟೆಂಪೊದಲ್ಲಿ ಚಾಪೆಯ ಸುರುಳಿಗಳನ್ನು ಕಂಡು ಗೇಟಿನವನು ಇವೇನೆಂದು ಕೇಳಿದ. “ಡಬ್ಬಿ ಇಡಾಕ, ಕೆಳಗ ಧೂಳು ಇರತೈತಿ” ಎಂದೆ. ಖಾಜಾಸಾಬ್ ನನ್ನ ಮುಖ ನೋಡಿದ. ನಾನು ಗೋಪುರ ನೋಡಿದೆ.

ಪಾಳಿಗೆ ಹೋಗುವವರು ಸೇರುವ ಶೆಡ್ಡಿನಲ್ಲಿ ಚಾಪೆ ಹಾಸಿ ಎಲೆ ಹಾಕಿದೆ. ಹುಡುಗರು ಮೊದಲು ಹಿಂಜರಿದರು. ಹೋಳಿಗೆಯ ವಾಸನೆ ಬಂತು, ಕುಳಿತರು. ಸಾಲಿನ ತಲೆಗೆ ಯಮನಪ್ಪ ಕಾಕಾ ಕುಳಿತರು. ಹಳೆಯ ಗಣಿಗಳಲ್ಲಿ ದುಡಿದು ಹಣ್ಣಾಗಿ, ಈಗ ಹೊಸಬರಿಗೆ ಕೆಲಸ ಕಲಿಸಲು ಬಂದಿದ್ದ ಹಿರಿಯರು. ಹಲ್ಲುಗಳಲ್ಲಿ ಕೆಲವು ಮಾತ್ರ ಸೇವೆಯಲ್ಲಿದ್ದವು.

ಈಗ ನಮ್ಮ ಕಡೆಯ ಪಂಕ್ತಿಯ ಕಾನೂನು ಹೇಳಿಬಿಡುತ್ತೇನೆ. ಸಾಲಿನಲ್ಲಿ ಹಿರಿಯರು ಉಂಡು ಮುಗಿಸುವವರೆಗೆ ಕಿರಿಯರು ಏಳುವಂತಿಲ್ಲ. ಉಣ್ಣುವವನು ಎಲೆಯಲ್ಲಿ ಏನೂ ಬಿಡುವಂತಿಲ್ಲ. ಬಡಿಸುವವನು ‘ಸಾಕು’ ಎಂಬ ಮಾತನ್ನು ಕೇಳಿಸಿಕೊಳ್ಳುವಂತಿಲ್ಲ. ಮೂರೂ ಒಳ್ಳೆಯ ಪದ್ಧತಿಗಳೇ. ಮೂರೂ ಒಂದೇ ಕಡೆ ಸೇರಿದರೆ ಏನಾಗುತ್ತದೆ ಎಂದು ಯಾರೂ ಅಲ್ಲಿಯವರೆಗೆ ಪರೀಕ್ಷಿಸಿರಲಿಲ್ಲ.

ಯಮನಪ್ಪ ಕಾಕಾ ಒಂದು ಹೋಳಿಗೆ ಮುಗಿಸಿದರು. ನಾನು ಇನ್ನೊಂದು ಹಾಕಿದೆ.

“ಸಾಕೋ ತಮ್ಮಾ.”

“ಒಂದ ಹೋಳಿಗಿಗೆ ಸಾಕೇನ್ರಿ? ಕೆಳಗ ಇಳಿಯೋರು ನೀವು!”

ಅವರು ಕೈ ಅಡ್ಡ ಹಿಡಿದರು. ಬೆರಳಸಂದಿಯಿಂದ ತುಪ್ಪ ಬಿಡುವುದರಲ್ಲಿ ನಾನು ನಿಷ್ಣಾತ. ಬಿಟ್ಟೆ. ಬರೀ ತುಪ್ಪ ಏನು ಮಾಡಿಯಾರು ಎಂದು ಮತ್ತೊಂದು ಹೋಳಿಗೆ ಜಾರಿಸಿದೆ. ಆಗ ಭೋಂಗಾ ಕೂಗಿತು.

ಹುಡುಗರೆಲ್ಲ ಕಾಕಾ ಅವರ ಎಲೆ ನೋಡಿದರು. ಎಲೆಯಲ್ಲಿ ಹೋಳಿಗೆ ಇತ್ತು. ಒಬ್ಬನೂ ಏಳಲಿಲ್ಲ. ಸುಮ್ಮನೆ ಕುಳಿತವರ ಎಲೆ ಖಾಲಿ ಕಂಡರೆ ನನಗೆ ಕರುಳು ಚುರ್ ಎನ್ನುತ್ತದೆ, ಅವರಿಗೂ ಅನ್ನ ಬಡಿಸುತ್ತ ಹೋದೆ.

ಅಷ್ಟರಲ್ಲಿ ಕೆಳಗಿನ ಪಾಳಿ ಮುಗಿಸಿದವರು ಪಂಜರದಲ್ಲಿ ಮೇಲೆ ಬಂದರು. ಮುಖವೆಲ್ಲ ಕಲ್ಲಿನ ಧೂಳು, ಹೊಟ್ಟೆಯಲ್ಲಿ ಹಸಿವು, ಎದುರಿಗೆ ಪಂಕ್ತಿ. “ಬರ್ರಿ, ಕೈ ತೊಳಕೊಳ್ರಿ!” ಎಂದೆ. ಅವರೂ ಕುಳಿತರು. ಈಗ ಕೆಳಗಿಳಿಯಬೇಕಾದವರೂ ಮೇಲೆ ಬಂದವರೂ ಒಂದೇ ಸಾಲಿನಲ್ಲಿ!

ಶಾಹೀನ್ ಮೇಡಂ ಓಡುತ್ತ ಬಂದರು. “ಕಾಕಾ! ಏನ್ ಮಾಡಾಕತ್ತೀರಿ? ಏಳ್ರಿ ಎಲ್ಲಾರೂ!”

“ಏಳ್ತಾರ ತಾಯಿ, ನೀವು ಒಂದು ತುತ್ತು ಉಣ್ರಿ ಮೊದ್ಲು. ಅನ್ನದ ಮುಂದ ನಿಂತು ಬೈಬಾರದು.”

ಯಮನಪ್ಪ ಕಾಕಾ ಪಕ್ಕದ ಚಾಪೆ ತಟ್ಟಿ, “ಕುಂದ್ರು ಮಗಳೇ” ಎಂದರು. ಆಕೆಯ ಮನೆಯಲ್ಲಿಯೂ ಊಟಕ್ಕೆ ದಸ್ತರ್‌ಖಾನ್ ಹಾಸಿ ಹಿರಿಯರು ಕರೆದರೆ ಒಲ್ಲೆ ಎನ್ನುವ ರೂಢಿ ಇಲ್ಲ. ಆಕೆ ಹೆಲ್ಮೆಟ್ಟು ತೆಗೆದು, ಹಣೆ ಬಡಿದುಕೊಂಡು, ಕುಳಿತುಬಿಟ್ಟರು! ಹೆಣ್ಣುಮಗಳು ಉಣ್ಣುವಾಗ ಏಳುವುದು ಹೇಗೆಂದು ಕಾಕಾ ಮತ್ತೊಂದು ರೊಟ್ಟಿ ಮುರಿದರು.

ಆಗ ನನಗೊಂದು ವಿಚಿತ್ರ ಮೌನ ಕೇಳಿಸಿತು. ಬೆಳಗಿನಿಂದ ಕಿವಿಯಲ್ಲಿ ಗುಂಯ್‌ಗುಟ್ಟುತ್ತಿದ್ದ ಸದ್ದು ಇರಲಿಲ್ಲ. ತಲೆ ಎತ್ತಿದೆ. ಗೋಪುರದ ಮೇಲಿನ ಚಕ್ರ ನಿಂತಿತ್ತು. ಭೂಮಿಯನ್ನು ಸೀಳಿ ಕಲ್ಲು ಎತ್ತುವ ಆ ಮಹಾಯಂತ್ರ, ಸಿಂಧನೂರಿನ ಒಬ್ಬ ಖಾನಾವಳಿಯವನ ಸೌಟಿನ ಮುಂದೆ ಕೈಕಟ್ಟಿ ನಿಂತಿತ್ತು! ಒಂದು ಗಳಿಗೆ ನಾನು ನನಗೇ ಬೆರಗಾದೆ. ಮರುಗಳಿಗೆ ಸೌಟನ್ನು ಅನ್ನದ ಪಾತ್ರೆಯಲ್ಲಿ ಬಚ್ಚಿಟ್ಟೆ.

ಜೀಪು ಬಂತು. ಗಣಿಯ ದೊಡ್ಡ ಸಾಹೇಬರು ಇಳಿದರು. ಹೊರರಾಜ್ಯದವರು, ಪುಸ್ತಕ ನೋಡಿ ಕನ್ನಡ ಕಲಿತವರು. ಭೋಂಗಾ ಕೂಗಿದರೂ ಏಳದೆ ಸಾಲಾಗಿ ಕುಳಿತ ಎರಡು ಪಾಳಿಯ ಸ್ಥಳೀಯ ಕಾರ್ಮಿಕರನ್ನು ಕಂಡರು. ಇದಕ್ಕೆ ಜಗತ್ತಿನಲ್ಲೆಲ್ಲ ಇರುವುದು ಒಂದೇ ಅರ್ಥ. ಅವರ ಮುಖ ಬಿಳಿಚಿತು.

“ದಯವಿಟ್ಟು ಧರಣಿ ಬೇಡ, ಮಾತನಾಡೋಣ. ನಿಮ್ಮ ಬೇಡಿಕೆ ಏನು?”

ಯಮನಪ್ಪ ಕಾಕಾ ಬಾಯೊಳಗಿನದನ್ನು ನುಂಗಿ ಹೇಳಿದರು, “ಮಜ್ಜಿಗಿ.”

“ನಿಮ್ಮ ನಾಯಕರು ಯಾರು?”

ಎಲ್ಲರೂ ನನ್ನತ್ತ ಕೈ ಮಾಡಿದರು. ನನ್ನ ಕೈಯಲ್ಲಿ ತುಪ್ಪದ ಗಿಂಡಿ ಇತ್ತು.

ಮೇಡಂ ಎದ್ದು ಎಲ್ಲವನ್ನೂ ವಿವರಿಸಿದರು. ಕಾಕಾ ಕೊನೆಗೂ ಮಜ್ಜಿಗೆ ಕುಡಿದು ತೇಗಿದರು. ಪಂಕ್ತಿ ಎದ್ದಿತು. ನಾನು ಉಸಿರು ಬಿಟ್ಟೆ. ಆದರೆ ಹುಡುಗರು ಎದ್ದ ರೀತಿಯೇ ಬೇರೆ. ಒಬ್ಬ ಕಂಬಕ್ಕೆ ಒರಗಿದ. ಒಬ್ಬ ಹೆಲ್ಮೆಟ್ಟನ್ನು ತಲೆದಿಂಬು ಮಾಡಿಕೊಂಡ. ಇನ್ನೊಬ್ಬ ಆಕಳಿಸಿದ, ಅದು ಸಾಲಿನ ಕೊನೆಯವರೆಗೆ ಹರಿದುಹೋಯಿತು. ಮೇಡಂ ಒಬ್ಬೊಬ್ಬರ ಕಣ್ಣು ನೋಡುತ್ತ ಬಂದು ಸಾಹೇಬರಿಗೆ ಹೇಳಿದರು, ನಿದ್ದೆಗಣ್ಣಿನವರನ್ನು ಕೆಳಗೆ ಬಿಡುವಂತಿಲ್ಲ, ಇವತ್ತಿನ ಪಾಳಿ ರದ್ದು ಎಂದು. ಒಬ್ಬರ ಕೈ ತಪ್ಪಿದರೆ ಹತ್ತು ಮಂದಿಯ ಜೀವ ಎಂದೂ ಹೇಳಿದರು. ಆಗ ಮಾತ್ರ ನನಗೆ ನಗು ಬರಲಿಲ್ಲ. ಉಣ್ಣಿಸಿ ಕಳಿಸುತ್ತೇನೆಂದು ಹೊರಟವನು ಎಂಥ ಕೆಲಸ ಮಾಡುತ್ತಿದ್ದೆ ಎಂದು ಹೊಳೆದು ತುಪ್ಪದ ಗಿಂಡಿ ಕೆಳಗಿಟ್ಟೆ.

ದಾರಿಯುದ್ದಕ್ಕೂ ಖಾಜಾಸಾಬ್ ಒಂದೇ ಮಾತು ಆಡಿದ. “ಹೋಳಿಗಿ ಮಾತ್ರ ಲಾಜವಾಬ್ ಇತ್ತು.”

ಮರುದಿನ ಹುಲಿಗೆಮ್ಮ ಬಂದಳು. ಬಂದವಳೇ ಎಂದಿನಂತೆ ರೊಟ್ಟಿ ಬಡಿಯಲು ಕುಳಿತಳು. ಅವಳ ಮುಖ ನೋಡಲಾಗದೆ ನಾನು ಅಡುಗೆಮನೆಯ ಡಬ್ಬಿಗಳನ್ನು ಸುಮ್ಮನೆ ಆಚೀಚೆ ಜೋಡಿಸಿದೆ. ಬೈದಿದ್ದರೆ ವಾಸಿಯಿತ್ತು.

ಆಮೇಲೊಂದು ದಿನ ಶಾಹೀನ್ ಮೇಡಂ ಫೋನು ಮಾಡಿದರು. ನಾನು ಎತ್ತಿಕೊಂಡು ಕ್ಷಮಾಪಣೆಯ ಭಾಷಣ ಶುರು ಮಾಡಿದೆ.

“ಕಾಕಾ, ಕಾಕಿ ಅವರಿಗೆ ಕೊಡ್ರಿ ಸ್ವಲ್ಪ.”

ಗಿರಿಜಾ ಬಹಳ ಹೊತ್ತು ಹೂಂಗುಟ್ಟಿದಳು. ಫೋನಿಟ್ಟು ಹುಲಿಗೆಮ್ಮನನ್ನು ಕೂಗಿದಳು. “ದಿನಾ ಡಬ್ಬಿ ಬೇಕಂತವ್ವ. ಎರಡೂ ಪಾಳಿ ಮಂದಿ ಸಾಹೇಬ್ರ ಮುಂದ ನಿಂತು ಇದ ರೊಟ್ಟಿ ಬೇಕಂತ ಕೇಳ್ಯಾರಂತ. ಗುತ್ತಿಗಿ ನಮ್ಮ ಹೆಣ್ಮಕ್ಕಳ ಹೆಸರಿಗೆ.”

ಹುಲಿಗೆಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹಿಟ್ಟು ಮೆತ್ತಿದೆಯೆಂದು ಒರೆಸಿಕೊಂಡಳೆಂದು ನಾನು ತಿಳಿಯುವಷ್ಟು ದಡ್ಡನಲ್ಲ.

“ಮತ್ತ ನಾನು?” ಎಂದೆ.

“ಅಡಗಿ ಬಗ್ಗೆ ಏನೂ ತಕರಾರಿಲ್ಲಂತ. ಬಡಸೋರ ಬಗ್ಗೆ ಐತಂತ. ನೀವು ಗೇಟಿನ ಹೊರಗ ಇರಬೇಕಂತ.”

ಹಾಗೆ ನಮ್ಮ ಓಣಿಗೆ ಗಣಿಯ ವ್ಯಾಪಾರ ಬಂತು. ಮೊದಲ ದಿನ ಗಿರಿಜಾಳಿಗೂ ಹುಲಿಗೆಮ್ಮನ ತಂಡಕ್ಕೂ ಹೆಲ್ಮೆಟ್ಟು, ಬೂಟು, ಕೊರಳಿಗೆ ಫೋಟೊ ಇರುವ ಪಾಸು. ಯಾರಿಗೆ ಅಡುಗೆ ಮಾಡುತ್ತೀರೋ ಅವರ ಕೆಲಸ ನೋಡಿಬನ್ನಿ ಎಂದು ಮೇಡಂ ಅವರನ್ನೆಲ್ಲ ಪಂಜರದಲ್ಲಿ ಕೆಳಗೆ ಕರೆದುಕೊಂಡು ಹೋದರಂತೆ. ನಾನು ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಖಾಜಾಸಾಬನ ಜೊತೆ ಕಾಯುತ್ತಿದ್ದೆ.

ಅವರು ಹೊರಗೆ ಬಂದರು. ಹುಲಿಗೆಮ್ಮ ತನ್ನ ಅಂಗೈಗೆ ಹತ್ತಿದ ಕಲ್ಲಿನ ಪುಡಿಯನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದ ನನ್ನ ಹೆಂಡತಿಯ ಕಣ್ಣುಗಳಲ್ಲಿ ಅಂಥ ಹೊಳಪನ್ನು ನಾನು ಎಂದೂ ಕಂಡಿರಲಿಲ್ಲ. ನನ್ನಿಂದ ಎಂದೂ ಬರಿಸಲಾಗಿರಲಿಲ್ಲ ಎನ್ನುವುದು ಹೆಚ್ಚು ಸರಿ.

“ಏನೈತೇ ಕೆಳಗ? ಹೆಂಗೈತಿ?” ನಾನು ಚಿಕ್ಕ ಮಗುವಿನಂತೆ ಕೇಳಿದೆ.

ಅವಳು ಹೆಲ್ಮೆಟ್ಟು ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು.  

“ಅದು ಹೇಳಾಕ ಬರಂಗಿಲ್ರಿ. ನೋಡಬೇಕು” ಎಂದಳು. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, “ಸುಮ್ಮನ ಯಾಕ ನಿಂತೀರಿ? ಖಾಲಿ ಡಬ್ಬಿ ಅದಾವ, ಗಾಡಿಗೆ ಏರಿಸ್ರಿ” ಎಂದಳು.

ಏರಿಸಿದೆ.