ಅತ್ತೆಯ ಗಡಿಗೆಯಲ್ಲಿ ಬೇಕ್ಡ್ ಬೀನ್ಸ್

ನಮ್ಮತ್ತೆಗೆ ದೇವರು ಮೂಗು ಕೊಟ್ಟಿರುವುದು ಉಸಿರಾಡುವುದಕ್ಕಲ್ಲ, ಉಪ್ಪು ನೋಡುವುದಕ್ಕೆ! ನಗಬೇಡಿ. ಕುಪ್ಪಗಡ್ಡೆಯ ಅವರ ಅಡುಗೆಮನೆಯಲ್ಲಿ ರುಚಿ ನೋಡುವ ಪದ್ಧತಿಯೇ ಇಲ್ಲ. ಉಣ್ಣುವವರ ತಟ್ಟೆಗೆ ಬೀಳುವ ಮೊದಲೇ ಅಡುಗೆ ನಾಲಿಗೆಗೆ ಸೋಕಿದರೆ ಅದು ಎಂಜಲು. ಪಾತ್ರೆಯ ಮೇಲೆ ಬಗ್ಗಿ ಒಮ್ಮೆ ಮೂಸಿ, ಒಂದು ಚಿಟಿಕೆ ಕಮ್ಮಿಯಾಗಿದೆ ಎಂದು ಹಾಕಿಬಿಟ್ಟರೆ ಮುಗಿಯಿತು. ಆ ಮೂಗಿನ ತೀರ್ಪು ತಪ್ಪಿದ್ದನ್ನು, ಆ ಮನೆಯ ಅಳಿಯನಾದಾಗಿನಿಂದ ನಾನು ಕಂಡಿರಲಿಲ್ಲ.

ಇಂಥ ಅತ್ತೆ ಸೋತದ್ದು ಮಾವನ ಎದುರು. ಕಳೆದ ಮಳೆಗಾಲದಲ್ಲಿ ಬಂದ ಜ್ವರ, ಹೋಗುವಾಗ ಮಾವನ ಹಸಿವನ್ನೂ ಕಟ್ಟಿಕೊಂಡು ಹೋಯಿತು. ಏನೇ ಬಡಿಸಿದರೂ ಎರಡು ತುತ್ತು, ಆಮೇಲೆ ಕೈ ತೊಳೆದಾಯಿತು. ಅಂಗಿಯೊಳಗೆ ಮಾವ ಇದ್ದಾರೋ ಇಲ್ಲವೋ ಎಂದು ತಡಕಿ ನೋಡಬೇಕು, ಹಾಗಾಗಿದ್ದರು! ಅತ್ತೆ ಮಾಡದ ಅಡುಗೆಯಿಲ್ಲ, ಹೇಳಿಕೊಳ್ಳದ ಹರಕೆಯಿಲ್ಲ. ಮಾವ ಜಗ್ಗಲಿಲ್ಲ.

ಹೀಗಿರುವಾಗ ಶಿವಮೊಗ್ಗದಲ್ಲಿ ನೆಂಟರ ಮದುವೆ ಬಂತು. ನಮ್ಮನ್ನೆಲ್ಲ ಇಳಿಸಿದ್ದ ಹೋಟೆಲಿನಲ್ಲಿ ಬೆಳಗಿನ ತಿಂಡಿಗೆ ಇಡ್ಲಿ, ದೋಸೆಗಳ ಜೊತೆ ಕೆಂಪಗೆ, ಸಿಹಿಸಿಹಿಯಾದ ಒಂದು ಕಾಳನ್ನೂ ಬಡಿಸಿದರು. ಹೆಸರು ಬೇಕ್ಡ್ ಬೀನ್ಸ್. ಮಾವ ತಿಂದರು. ತಿಂದು, ‘ಇನ್ನೊಂಚೂರು ಹಾಕಪ್ಪ’ ಅಂದರು! ಪಕ್ಕದ ಕುರ್ಚಿಯಲ್ಲಿ ಇಡ್ಲಿ ಮುರಿಯುತ್ತಿದ್ದ ಅತ್ತೆಯ ಕೈ ಅಲ್ಲೇ ನಿಂತಿತು. ಆ ಮಾತು ಕೇಳಿ ಎಷ್ಟು ಕಾಲವಾಗಿತ್ತು!

ಅಂದಿನಿಂದ ಕುಪ್ಪಗಡ್ಡೆಯಲ್ಲಿ ಬೇಕ್ಡ್ ಬೀನ್ಸ್ ವ್ರತ ಶುರು. ಅಂಗಡಿಯಲ್ಲಿ ಡಬ್ಬಿಯದು ಸಿಗುತ್ತದೆ ಎಂದೆ. ಡಬ್ಬಿ ಉರುಳಿಸಿ ಮುಚ್ಚಳ ಬಿಡಿಸಲು ನಮ್ಮನೆ ಬೆಕ್ಕೇ ಸಾಕು, ಅದಕ್ಕೆ ನಾನೇಕೆ ಬೇಕು ಎಂದು ಬಾಯಿ ಮುಚ್ಚಿಸಿದರು. ಮೊಮ್ಮಗಳ ಮೊಬೈಲಿನಲ್ಲಿ ವಿಡಿಯೋ ನೋಡಿದರು. ಭಾಷೆ ಅರ್ಥವಾಗಲಿಲ್ಲ, ಆದರೆ ಅದರಲ್ಲಿ ಅಡುಗೆ ಮಾಡುತ್ತಿದ್ದ ಹೆಂಗಸಿನ ಕೈ ಅರ್ಥವಾಯಿತಂತೆ! ಅವಳು ಸುರಿದ ಕಪ್ಪು ಪಾಕ ಕಂಡಿದ್ದೇ, ‘ಇದು ನಮ್ಮ ಜೋನಿ ಬೆಲ್ಲನೇ ಬಿಡು’ ಎಂದರು. ಗದ್ದೆ ಬದುವಿನ ಬಿಳಿ ಅಲಸಂದೆ ನೆನೆಯಿತು. ಟೊಮೆಟೊ, ಬೆಳ್ಳುಳ್ಳಿ, ಸಾಸಿವೆ ಪುಡಿ ಸೇರಿದವು. ಆದರೆ ಓವನ್?

ಬಚ್ಚಲ ಒಲೆ ಇರುವುದು ಮತ್ತೇತಕ್ಕೆ? ಗಡಿಗೆಯ ಬಾಯಿಗೆ ಕಣಕ ಮೆತ್ತಿ, ಕೆಂಡ ಬೂದಿಯಲ್ಲಿ ಹೂತು, ಬೆಳಗಿನಿಂದ ಕಾವಲು ಕೂತರು. ಉರಿ ಹೆಚ್ಚಿದರೆ ಕಾಳು ಸೀಯುತ್ತದಲ್ಲ, ಹಾಗಾಗಿ ಅಂದು ಮನೆಯಲ್ಲಿ ಯಾರಿಗೂ ಬಿಸಿನೀರಿಲ್ಲ! ಗದ್ದೆಯಿಂದ ಕೆಸರಾಗಿ ಬಂದ ಅತ್ತೆಯ ಮಗ ತಣ್ಣೀರಲ್ಲಿ ಮಿಂದು ಗಡಗಡ ನಡುಗಿದ. ಸಂಜೆ ಮುಚ್ಚಳ ಬಿಚ್ಚಿದಾಗ ಎದ್ದ ಘಮಕ್ಕೆ, ಅಂದು ಅಲ್ಲಿಗೆ ಹೋಗಿದ್ದ ನಾನು ಎಲ್ಲರಿಗಿಂತ ಮೊದಲು ತಟ್ಟೆ ಹಿಡಿದೆ. ಒಂದು ಕಾಳೂ ಒಡೆದಿಲ್ಲ, ಬಾಯಿಗಿಟ್ಟರೆ ಬೆಣ್ಣೆ. ಇದು ಅಡುಗೆಯೋ ಮಾಟವೋ? ಮಾವ ಎರಡು ತುತ್ತು ತಿಂದು, ಚೆನ್ನಾಗಿದೆ ಎಂದು ಕೈ ತೊಳೆದರು.

ಕಾವು ಸುತ್ತಲೂ ಸಮನಾಗಿ ತಾಗಿಲ್ಲ ಎಂದು ಅತ್ತೆ ತೀರ್ಮಾನಿಸಿದರು. ಮುಂದಿನ ವಾರ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸಿನಲ್ಲಿ ಶಿಕಾರಿಪುರದ ನಮ್ಮ ಮನೆಗೆ ಬಂದಿಳಿದರು. ಪರಿಚಯದ ಬೇಕರಿಗೆ ಕರೆದೊಯ್ದೆ. ಬ್ರೆಡ್ಡಿನ ಜೊತೆ ಗಡಿಗೆ ಇಡುವುದಿಲ್ಲ ಎಂದು ಬೇಕರಿಯವನು ಖಡಾಖಂಡಿತ ಹೇಳಿದ. ಅತ್ತೆ ವಾದಿಸಲಿಲ್ಲ. ಮಾವನ ಜ್ವರದಿಂದ ಕಥೆ ಶುರು ಮಾಡಿದರು. ಅದು ಶಿವಮೊಗ್ಗದ ಮದುವೆ ತಲುಪುವ ಹೊತ್ತಿಗೆ ಬೇಕರಿಯವನು ಕಣ್ಣೊರೆಸಿಕೊಂಡು ತಾನೇ ಗಡಿಗೆಯನ್ನು ಒಳಗಿಟ್ಟಿದ್ದ! ಮರುದಿನ ಊರಿನ ಬನ್ನೆಲ್ಲ ಬೆಳ್ಳುಳ್ಳಿಯಂತೆ ಘಮಘಮಿಸಿತೆಂದು ಸುದ್ದಿ.

ಗಡಿಗೆ ಬೇಕರಿಯಿಂದ ಹೊರಬಂದ ಸಂಜೆಯೇ ಅತ್ತೆಯ ಜೊತೆ ನಾನೂ ಕುಪ್ಪಗಡ್ಡೆಗೆ ಹೋದೆ. ಮಾವ ಊಟಕ್ಕೆ ಕೂತರು. ಅತ್ತೆ ಎಂದಿನಂತೆ ಸೌಟು ಹಿಡಿದು ಎದುರಿಗೆ ನಿಂತರು. ಎಲ್ಲರದೂ ಆದ ಮೇಲೆ ಒಲೆಯ ಪಕ್ಕ ಒಬ್ಬರೇ ಉಣ್ಣುವುದು, ಮದುವೆಯಾಗಿ ಬಂದಾಗಿನಿಂದ ಅವರು ನಡೆಸಿಕೊಂಡು ಬಂದ ಕ್ರಮ. ಮಾವ ಎರಡು ತುತ್ತು ತಿಂದು ತಟ್ಟೆ ಸರಿಸಿದರು. ಅತ್ತೆಯ ಕಣ್ಣು ತುಂಬಿತು. ಹೋಟೆಲಿನದಕ್ಕಿಂತ ಇದರಲ್ಲಿ ಏನು ಕಮ್ಮಿಯಾಗಿದೆ ಎಂದು ಮಾವನನ್ನು ಕೇಳಿಯೇಬಿಟ್ಟೆ.

‘ಏನೂ ಕಮ್ಮಿ ಆಗಿಲ್ಲ ಮಾರಾಯ. ಹೋಟ್ಲಿಂದು ನಂಗೆ ಸೇರಲೂ ಇಲ್ಲ. ಅವತ್ತು ಇವಳು ನನ್ನ ಪಕ್ಕ ಕೂತು ತಿಂತಿದ್ಲು. ನಾನು ಎದ್ರೆ ಇವಳೂ ಎದ್ದುಬಿಡ್ತಾಳೆ ಅಂತ ಇನ್ನೊಂಚೂರು ಹಾಕಿಸ್ಕಂಡೆ.’

ನಾನು ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡೆ. ಅವರು ಸೆರಗಿನಲ್ಲಿ ಮುಖ ಒರೆಸಿಕೊಂಡು, ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿ ಮಾವನ ಪಕ್ಕ ಕೂತರು. ನಾನು ಬಡಿಸಿದ್ದನ್ನು ಒಂದು ತುತ್ತು ಬಾಯಿಗಿಟ್ಟು, ಅಗಿಯುವುದನ್ನು ಗಕ್ಕನೆ ನಿಲ್ಲಿಸಿದರು.

‘ಇದಕ್ಕೆ ಉಪ್ಪೇ ಹಾಕಿಲ್ಲವಲ್ರೀ. ಹೇಳ್ಬಾರದಿತ್ತಾ?’

ಮಾವ ಸರಿಸಿದ್ದ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಉಪ್ಪಿಲ್ಲದ ಆ ಕಾಳನ್ನು ಅಷ್ಟೂ ಬಳಿದು ತಿಂದು, ನನ್ನ ಕಡೆ ಚಾಚಿದರು.

‘ಇನ್ನೊಂಚೂರು ಹಾಕಪ್ಪ. ಇವಳ ಊಟ ಇನ್ನೂ ಆಗಿಲ್ಲ.’