ಪ್ಲಂಬರನ ಮಾನ, ಸೈಕಲ್ಲಿನ ತಿರುಪು

ಹೆಂಡತಿಯ ಸೈಕಲ್ಲನ್ನು ರಿಪೇರಿ ಅಂಗಡಿಗೆ ಕೊಡಬೇಕಂತೆ! ಬೀದಿಯ ಅಷ್ಟೂ ನಲ್ಲಿಗಳನ್ನು ಬಿಚ್ಚಿ ಜೋಡಿಸಿದ ಗಂಡ ಮನೆಯಲ್ಲೇ ಕೂತಿರುವಾಗ! ಪ್ಲಂಬರನಿಗೆ ಮೈಯೆಲ್ಲ ಉರಿದುಹೋಯಿತು. ಪೆಡಲ್ಲುಗಳ ನಡುವಿನ ಆಕ್ಸಲ್ ಸವೆದು ಕಟಕಟ ಅನ್ನುತ್ತಿತ್ತು, ಅಷ್ಟೇ. ಅದನ್ನು ಎರಡೂ ಪಕ್ಕ ಹಿಡಿದಿಡುವ ತಿರುಪಿನ ಕಪ್ ಬಿಚ್ಚಿ ಹೊಸ ಆಕ್ಸಲ್ ಹಾಕಿದರಾಯಿತು. ಇಷ್ಟಕ್ಕೇ ಅಂಗಡಿ ಮೆಟ್ಟಿಲು ಹತ್ತಿದರೆ ನಾಳೆ ಅವನನ್ನು ಕೆಲಸಕ್ಕೆ ಕರೆಯುವವರು ಯಾರು?

ವರಾಂಡದಲ್ಲಿ ಸೈಕಲ್ಲನ್ನು ತಲೆಕೆಳಗು ಮಾಡಿ ಶಸ್ತ್ರಚಿಕಿತ್ಸೆ ಆರಂಭವಾಯಿತು. ಎಡಪಕ್ಕದ ಕಪ್ ಸಲೀಸಾಗಿ ಬಂತು. ಚೈನಿನ ಕಡೆಯದು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ ಎಡಕ್ಕೆ ಎಳೆದ. ಹೆಂಡತಿಯ ಕೈಲಿ ಸೈಕಲ್ ಹಿಡಿಸಿ, ಗೋಡೆಗೆ ಕಾಲು ಕೊಟ್ಟು ಎಳೆದ. (ಕಪ್ ಇನ್ನಷ್ಟು ಬಿಗಿಯಾದಂತೆ ಕಂಡಿತು. ಭ್ರಮೆ ಅಂದುಕೊಂಡ.) ಪಕ್ಕದ ಮನೆ ಮೇಷ್ಟ್ರು ಬೇರೆ ಕಾಂಪೌಂಡಿಗೆ ಮೊಣಕೈ ಊರಿ ಮಿಕಮಿಕ ನೋಡುತ್ತಿದ್ದರು.

"ಬಲಕ್ಕೆ ತಿರುಗಿಸಿ ನೋಡಬಾರದಾ?" ಎಂದಳು ಹೆಂಡತಿ.

"ಯಾರಿಗೆ ಹೇಳ್ತಿದೀಯ ಗೊತ್ತಾ? ಬಲಕ್ಕೆ ಬಿಗಿ, ಎಡಕ್ಕೆ ಸಡಿಲ. ಈ ಮನೆ ಅನ್ನ ತಿಂತಿರೋದೇ ಅದರಿಂದ."

ಇಷ್ಟು ಅಂದು ನೀರು ಕುಡಿಯಲು ಒಳಗೆ ಹೋದ. ಸೈಕಲ್ ಹಿಡಿದೂ ಹಿಡಿದೂ ಸೊಂಟ ಬಿದ್ದುಹೋಗಿದ್ದ ಅವಳು, ಸಿಟ್ಟಿಗೆ ಪೈಪನ್ನು ಬಲಕ್ಕೆ ಜಗ್ಗಿದಳು. ಅವನು ವಾಪಸು ಬರುವಷ್ಟರಲ್ಲಿ ಕಪ್ ಅವಳ ಅಂಗೈಯಲ್ಲಿತ್ತು.

ತುಳಿಯುವಾಗ ಕಳಚದಿರಲಿ ಅಂತ ಆ ಪಕ್ಕದ ತಿರುಪು ಉಲ್ಟಾ ಇರುತ್ತದೆಂದು ಮೇಷ್ಟ್ರು ಆಗ ಬಾಯಿಬಿಟ್ಟರು. ಮೊದಲೇ ಬೊಗಳಬಾರದಿತ್ತಾ ಅಂತ ಪ್ಲಂಬರ್ ಮನಸ್ಸಿನಲ್ಲೂ, ಹೇಳಬಾರದಿತ್ತಾ ಅಂತ ಬಾಯಲ್ಲೂ ಕೇಳಿದ. ಪ್ಲಂಬರಿಗೆ ತಿರುಪಿನ ಪಾಠ ಹೇಳುವಷ್ಟು ದೊಡ್ಡವನೇ ನಾನು ಅಂತ ಸುಮ್ಮನಿದ್ದರಂತೆ. ಉಲ್ಟಾ ತಿರುಪು ಕಂಡುಹಿಡಿದ ಮಹಾನುಭಾವನಿಗೆ ಹಿಡಿಶಾಪ ಹಾಕುತ್ತಲೇ ಅವನು ಹೊಸ ಆಕ್ಸಲ್ ಕೂರಿಸಿದ. ಸದ್ದು ನಿಂತಿತು.

ಮರುದಿನ ಮೇಷ್ಟ್ರು ಬಾಗಿಲಿಗೆ ಬಂದರು. ಅಡುಗೆಮನೆ ನಲ್ಲಿ ಕೈಕೊಟ್ಟಿತ್ತಂತೆ. ಸದ್ಯ, ಮಾನ ಉಳಿಯಿತು ಅಂತ ಪ್ಲಂಬರ್ ಸಾಮಾನಿನ ಚೀಲ ಹೆಗಲಿಗೇರಿಸಿದ.

"ನಿಮಗ್ಯಾಕೆ ಸುಮ್ನೆ ತೊಂದರೆ," ಎಂದರು ಮೇಷ್ಟ್ರು. "ನಿಮ್ಮ ಮನೆಯವರಿಗೆ ಬಿಡುವಿದೆಯಾ?"

ಹೆಂಡತಿಯಾದರೂ ತನ್ನ ಪರ ಎರಡು ಮಾತಾಡಿಯಾಳು ಅಂತ ಪ್ಲಂಬರ್ ತಿರುಗಿ ನೋಡಿದ. ಅವಳು ಆಗಲೇ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟುತ್ತಿದ್ದಳು.

"ಹೇಗೂ ಚೀಲ ಹೆಗಲಿಗೆ ಹಾಕ್ಕೊಂಡಿದೀರಲ್ಲ," ಎಂದಳು. "ಹಾಗೇ ಹೊತ್ಕೊಂಡು ಬನ್ನಿ."